ಅಪ್ಪನ ಕಣ್ಣಿಗೆ ಪಾಪೆ ಅಗಲ ಮಾಡುವ ಮದ್ದು ಬಿಡ್ತಾರಂತೆ, ಮಾಡಿಸಿದವರು ಹೇಳಿ

ಪೆರ್ಲದಿಂದ:
ಅಪ್ಪನಿಗೆ 68, ಶುಗರ್ 12 ವರ್ಷದಿಂದ ಉಂಟು, ಬಿಪಿ ಮಾತ್ರೆಯೂ ತಗೊಳ್ತಾರೆ. ಬರುವ ಬುಧವಾರ ಮಂಗಳೂರಲ್ಲಿ ಕಣ್ಣಿಗೆ ಮದ್ದು ಬಿಟ್ಟು ಒಳಗೆ ನೋಡ್ತೇವೆ ಅಂದಿದ್ದಾರೆ. ಅಪ್ಪ "ನನಗೆ ಪೇಪರ್ ಓದ್ಲಿಕ್ಕೆ ಸರಿ ಕಾಣ್ತದೆ, ಇದ್ದ ಕಣ್ಣೂ ಹಾಳಾಗೋದು ಬೇಡ" ಅಂತ ಕೂತಿದ್ದಾರೆ. ನನಗೆ ಅವತ್ತು ಡ್ಯೂಟಿ. ಒಬ್ಬರನ್ನೇ ಬಸ್ಸಲ್ಲಿ ಕಳಿಸಿದ್ರೆ ಆಗ್ತದಾ?

ಬದಿಯಡ್ಕದಿಂದ:
ಒಬ್ಬರನ್ನೇ ಮಾತ್ರ ಕಳಿಸ್ಬೇಡಿ. ನನ್ನ ಅಮ್ಮನನ್ನು ಮೊದಲ ಸಲ ನಾನೂ ಹಾಗೇ ಕಳಿಸಿದ್ದೆ, ಬರುವಾಗ ಕುಂಬಳೆಯಲ್ಲಿ ಇಳಿದು ಮಧ್ಯಾಹ್ನದ ಬಿಸಿಲಿಗೆ ಕಣ್ಣು ಬಿಡ್ಲಿಕ್ಕೇ ಆಗದೆ, ಬಸ್ಸಿನ ಬೋರ್ಡ್ ಕಾಣದೆ, ಕೈಯಲ್ಲಿದ್ದದ್ದು ನೂರರ ನೋಟಾ ಐನೂರರದ್ದಾ ಗೊತ್ತಾಗದೆ, ಮೊಬೈಲಲ್ಲಿ ನನ್ನ ನಂಬ್ರ ಹುಡುಕ್ಲಿಕ್ಕೂ ಆಗದೆ ಒಂದು ಅಂಗಡಿಯಲ್ಲಿ ಕೂತಿದ್ರು. ಈಗ ನೆನೆಸಿದ್ರೂ ಹೊಟ್ಟೆ ಉರೀತದೆ. ರಾತ್ರಿ ಎಂಟರ ಹೊತ್ತಿಗೆ ತನ್ನಷ್ಟಕ್ಕೆ ಸರಿಯಾಯ್ತು, ಕಣ್ಣಿಗೆ ಏನೂ ಆಗ್ಲಿಲ್ಲ.

ಮದ್ದು ಬಿಡುವಾಗ ಸ್ವಲ್ಪ ಉರಿ, ಅಷ್ಟೇ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಸಲ ಬಿಟ್ಟು ಕಣ್ಣು ಮುಚ್ಚಿ ಕೂರಿಸ್ತಾರೆ. ನಮ್ಮಂಥ ಕಪ್ಪು ಕಣ್ಣಲ್ಲಿ ಪಾಪೆ ದೊಡ್ಡದಾಗ್ಲಿಕ್ಕೆ ತಡ, ಅರ್ಧ ಗಂಟೆಯಿಂದ ಒಂದು ಗಂಟೆ ಇಟ್ಕೊಳ್ಳಿ. ಛತ್ರಿ, ಕಪ್ಪು ಕನ್ನಡಕ ತಗೊಂಡು ಹೋಗಿ. ಪೇಪರ್ ಓದ್ತಾರೆ ಅನ್ನೋದ್ರಿಂದ ಧೈರ್ಯ ತಗೊಳ್ಬೇಡಿ. ಶುಗರಲ್ಲಿ ಕಣ್ಣಿನ ಹಿಂದಿನ ಸಣ್ಣ ರಕ್ತನಾಳ ಸೋರ್ಲಿಕ್ಕೆ ಶುರುವಾದ್ರೂ ಮೊದಮೊದಲು ಏನೂ ಗೊತ್ತಾಗೋದಿಲ್ಲ. ಅಮ್ಮನಿಗೂ ಎಲ್ಲ ಚೆನ್ನಾಗಿ ಕಾಣ್ತಿತ್ತು, ಮದ್ದು ಬಿಟ್ಟು ನೋಡಿದ್ದಕ್ಕೆ ಸಿಕ್ಕಿದ್ದು, ಲೇಸರ್ ಮಾಡಿ ಉಳಿಸಿದ್ರು.

ಮುಳ್ಳೇರಿಯದಿಂದ:
ಮಕ್ಕಳಿಗೆ ಬೇರೆ ಮದ್ದು, ಅದನ್ನೂ ಹೇಳಿಬಿಡ್ತೇನೆ. ಮಗಳಿಗೆ ಐದು ವರ್ಷ ಇರುವಾಗ ಕನ್ನಡಕದ ಪವರ್ ನೋಡುವ ಮೊದಲು ಮನೆಯಲ್ಲೇ ಮೂರು ದಿನ ಹಾಕಿ ಅಂತ ಅಟ್ರೋಪಿನ್ ಮುಲಾಮು ಕೊಟ್ರು, ಕ್ರಮ ಬರೆದ ಚೀಟಿ ಪೂರ್ತಿ ಮಲಯಾಳದಲ್ಲಿ. ನಮ್ಮ ಕಾಸರಗೋಡು ಕೇರಳ ಅಲ್ವಾ, ನಾನು ಕನ್ನಡ ಮೀಡಿಯಂ, ತಡವರಿಸಿ ಓದಿ ಹೆಚ್ಚೇ ಹಾಕಿದ್ದೇನೆ, ಎರಡನೇ ದಿನ ಮಗುವಿನ ಮುಖ ಕೆಂಪು, ಮೈ ಬಿಸಿ, ಬಾಯಿ ಒಣಗಿ ನೀರು ನೀರು ಅಂತ ಅಳು. ಫೋನ್ ಮಾಡಿದ್ರೆ ಕೂಡ್ಲೇ ನಿಲ್ಲಿಸಿ ಕರ್ಕೊಂಡು ಬನ್ನಿ ಅಂದ್ರು. ದೇವರ ದಯೆ, ಇಳೀತು. ಪಾಪೆ ಮಾತ್ರ ಹತ್ತು ದಿನ ದೊಡ್ಡದೇ ಇತ್ತು, ಟೀಚರಿಗೆ ಹೇಳಿ ಓದಿಸ್ಲಿಲ್ಲ. ಆದ್ದರಿಂದ ಎಲ್ಲಿ ಹೋದ್ರೂ "ಕನ್ನಡದಲ್ಲಿ ಒಮ್ಮೆ ಹೇಳಿ" ಅಂತ ಕೇಳಿಯೇ ಹೊರಡಿ, ನಾಚಿಕೆ ಬೇಡ. ಹಾಕಿದ ಮೇಲೆ ಕೈ ತೊಳೀರಿ, ಟ್ಯೂಬ್ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಬಾಯಿಗೆ ಹೋದ್ರೆ ವಿಷ.

ಮಂಜೇಶ್ವರದಿಂದ:
ಕಣ್ಣಿನ ವಿಭಾಗದಲ್ಲಿ ನರ್ಸ್ ಆಗಿದ್ದೆ. ದೊಡ್ಡವರಿಗೆ ಹೆಚ್ಚಾಗಿ ಬಿಡೋದು ಟ್ರೋಪಿಕಮೈಡ್, ಅದರ ಜೊತೆ ಫಿನೈಲೆಫ್ರಿನ್ ಸೇರಿದ್ದೂ ಉಂಟು. ಈ ಎರಡನೆಯದ್ದು ಬಿಪಿ ಏರಿಸ್ಬಹುದು, ಆದ್ದರಿಂದ ಬಿಪಿ, ಹಾರ್ಟ್ ತೊಂದರೆ ಇದ್ರೆ ಮದ್ದು ಬಿಡುವ ಮೊದಲೇ ಹೇಳಿ, ಮಾತ್ರೆಯ ಚೀಟಿ ತೋರಿಸಿ. ಬಿಟ್ಟ ಕೂಡ್ಲೇ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದ್ರೆ ಮದ್ದು ಮೈಗೆ ಇಳಿಯೋದು ಕಡಿಮೆ. ಬಿಪಿ ಮಾತ್ರೆ, ತಿಂಡಿ ಬಿಟ್ಟು ಬರ್ಬೇಡಿ, ಶುಗರಿನವರು ಖಾಲಿ ಹೊಟ್ಟೆಯಲ್ಲಿ ಕಾಯ್ತಾ ತಲೆ ತಿರುಗಿ ಬಿದ್ದದ್ದು ಕಂಡಿದ್ದೇನೆ.

ಇನ್ನೊಂದು ಮುಖ್ಯ. ಕೆಲವರ ಕಣ್ಣಿನೊಳಗೆ ನೀರು ಹೊರಹೋಗುವ ದಾರಿ ತುಂಬ ಸಪುರ ಇರ್ತದೆ, ಪಾಪೆ ಅಗಲ ಆದಾಗ ಅದು ಮುಚ್ಚಿ ಕಣ್ಣಿನ ಪ್ರೆಶರ್ ಒಮ್ಮೆಲೇ ಏರ್ತದೆ. ಅಪರೂಪ, ಆದ್ರೆ ಮನೆಗೆ ಬಂದ ಮೇಲೆ ಕಣ್ಣು ಕೆಂಪಾಗಿ ಜೋರು ನೋವು, ತಲೆನೋವು, ವಾಂತಿ, ಲೈಟಿನ ಸುತ್ತ ಬಣ್ಣದ ಬಳೆ ಕಂಡ್ರೆ ಬೆಳಗಾಗ್ಲಿ ಅಂತ ಕಾಯದೆ ಅದೇ ರಾತ್ರಿ ಹೋಗಿ. ಉಮ್ಮತ್ತದ ಗಿಡದಲ್ಲೂ ಅಟ್ರೋಪಿನ್ ಉಂಟು, ಗಿಡ ಕಿತ್ತ ಕೈಯಲ್ಲಿ ಕಣ್ಣುಜ್ಜಿ ಒಂದೇ ಪಾಪೆ ದೊಡ್ಡದಾಗಿ ಹೆದರಿ ಬಂದವರಿದ್ದಾರೆ. ತೋಟದ ಕೆಲಸದವರಿಗೆ ಹೇಳಿಡಿ.

ಪೆರ್ಲದಿಂದ:
ಬುಧವಾರ ರಜೆ ಹಾಕಿದೆ, ಬೈಸ್ಟ್ಯಾಂಡರ್ (ಜೊತೆಗೆ ನಿಲ್ಲುವವರು) ನಾನೇ. ಇದೆಲ್ಲ ಅಪ್ಪನಿಗೆ ಓದಿ ಹೇಳಿದೆ, ಲೇಸರ್ ವಿಷಯ ಕೇಳಿ ಹೂಂ ಅಂದ್ರು. ಬಲಗಣ್ಣಿನ ಪೊರೆ ಆಪರೇಶನ್ ಆಗಿದೆ, ಅದಕ್ಕೂ ಬಿಡ್ತಾರಾ?

ಮಂಜೇಶ್ವರದಿಂದ:
ಬಿಡ್ತಾರೆ. ಪೊರೆ ತೆಗೆದದ್ದು ಮುಂದೆ, ನೋಡ್ಲಿಕ್ಕಿರೋದು ಹಿಂದಿನ ಪರದೆ, ಅಂದ್ರೆ ರೆಟಿನಾ. ಆಪರೇಶನ್ನಿನ ಕಾರ್ಡ್ ಇದ್ರೆ ಹಿಡ್ಕೊಂಡು ಹೋಗಿ.