ಇಂಗ್ಲೆಂಡಿನಲ್ಲಿ ಮನೆ ತಗೊಳ್ತಿದ್ದೇವೆ, ಕಾನೂನಿನ ಕೆಲವು ಗೊಂದಲ: ಅನುಭವ ಇದ್ದವರು ಹೇಳಿ

ಪ್ರಶ್ನೆ, ರೆಡಿಂಗ್‌ನಿಂದ

ಎಲ್ಲರಿಗೂ ನಮಸ್ಕಾರ. ಇಲ್ಲೊಂದು ಟೆರೇಸ್ ಮನೆಗೆ (ಸಾಲಾಗಿ ಗೋಡೆಗೆ ಗೋಡೆ ಅಂಟಿಕೊಂಡಿರುವ ಮನೆ) ನಾವು ಕೊಟ್ಟ 4.5 ಲಕ್ಷ ಪೌಂಡ್ ಆಫರ್ ಒಪ್ಪಿದ್ದಾರೆ. ಈ ದೇಶದಲ್ಲಿ ನಮಗೆ ಇದೇ ಮೊದಲ ಮನೆ. ಮೈಸೂರಿನಲ್ಲಿ ನಮ್ಮ ಯಜಮಾನರ ಹೆಸರಿನಲ್ಲಿ ಒಂದು ಫ್ಲ್ಯಾಟ್ ಇದೆ. ಡಿಪಾಸಿಟ್‌ಗೆ ಸ್ವಲ್ಪ ಹಣ ಅಪ್ಪ ಊರಿನಿಂದ ಕಳಿಸುತ್ತಾರೆ. ಹಾಗಾಗಿ ಅವರ ಹೆಸರನ್ನೂ ಸೇರಿಸೋಣ ಅಂತ ಯೋಚನೆ. ಈಗ ಏಜೆಂಟ್ "ಇನ್ನೊಬ್ಬರು ಜಾಸ್ತಿ ಕೊಡೋಕೆ ಬಂದಿದ್ದಾರೆ" ಅಂತಿದ್ದಾರೆ. ಒಪ್ಪಿದ ಮೇಲೂ ಹಾಗೆ ಮಾಡಬಹುದಾ? ನಾವು ಯಾವುದಕ್ಕೆ ಹುಷಾರಾಗಿರಬೇಕು?

ಸ್ಲೌನಿಂದ

ಮಾಡಬಹುದು, ಬೇಜಾರಿನ ವಿಷಯ ಅದೇ. ಇಂಗ್ಲೆಂಡಿನಲ್ಲಿ ಆಫರ್ ಒಪ್ಪಿದರು ಅನ್ನುವುದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. 1989ರ ಕಾಯ್ದೆಯ ಪ್ರಕಾರ ಮನೆ, ಜಮೀನಿನ ಮಾರಾಟದ ಒಪ್ಪಂದ ಬರಹದಲ್ಲಿರಬೇಕು, ಎರಡೂ ಕಡೆಯವರ ಸಹಿ ಇರಬೇಕು. ಆ ಸಹಿಯ ಪ್ರತಿಗಳು ಅದಲುಬದಲಾಗುವ ದಿನವೇ ಎಕ್ಸ್‌ಚೇಂಜ್. ಅಲ್ಲಿವರೆಗೆ ಅವರೂ ಕೈ ಎತ್ತಬಹುದು, ನೀವೂ ಎತ್ತಬಹುದು. ನಮ್ಮೂರಲ್ಲಿ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡರೆ ಬರುವ ಧೈರ್ಯ ಇಲ್ಲಿ ಆಫರ್ ಹಂತದಲ್ಲಿ ಸಿಗುವುದಿಲ್ಲ.

ಏಜೆಂಟ್ ಮೇಲೆ ಸಿಟ್ಟಾಗಬೇಡಿ. ಎಕ್ಸ್‌ಚೇಂಜ್ ಆಗುವ ತನಕ ಬಂದ ಆಫರ್‌ಗಳನ್ನು ಮಾಲೀಕರಿಗೆ ತಿಳಿಸುವುದು ಅವರ ಕರ್ತವ್ಯ. ಆದರೆ "ಮನೆಯನ್ನು ಮಾರ್ಕೆಟ್‌ನಿಂದ ತೆಗೆಯಿರಿ" ಅಂತ ಇವತ್ತೇ ಇಮೇಲ್ ಹಾಕಿ. ಇದಕ್ಕೆ ಮದ್ದು ಅಂದರೆ ವೇಗ ಒಂದೇ. ಸಾಲಿಸಿಟರ್ (ಕೊಳ್ಳುವ ಕಾಗದಪತ್ರ ನೋಡುವ ವಕೀಲರು) ಕೇಳಿದ ಕಾಗದ ಅವತ್ತೇ ಕಳಿಸಿ, ಸರ್ವೇಗೆ, ಅಂದರೆ ಕಟ್ಟಡದ ಸ್ಥಿತಿಯ ತಪಾಸಣೆಗೆ, ಈಗಲೇ ದಿನ ಗೊತ್ತು ಮಾಡಿ. ಬ್ಯಾಂಕಿನವರು ಮಾಡುವ ವ್ಯಾಲ್ಯುಯೇಷನ್ ಅವರ ಸಾಲದ ಭದ್ರತೆಗೆ, ನಿಮಗಲ್ಲ. ಹಳೇ ಟೆರೇಸ್ ಮನೆ ಆದರೆ ಲೆವೆಲ್ 3 ಸರ್ವೇಗೇ (ಅತಿ ವಿವರವಾದ ತಪಾಸಣೆ) ಹೋಗಿ.

ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ ಶೇ. 10 ಡಿಪಾಸಿಟ್ ಹೋಗುತ್ತದೆ. ಆಮೇಲೆ ಹಿಂದೆ ಸರಿದರೆ ಅದು ಹೋದ ಹಾಗೆಯೇ. ಮನೆಯ ವಿಮೆಯೂ ಅವತ್ತಿನಿಂದಲೇ ನಿಮ್ಮ ಹೆಸರಿನಲ್ಲಿರಬೇಕು. ಕೀ ಕೈಗೆ ಬರುವ ದಿನಕ್ಕೆ ಕಾಯಬೇಡಿ.

ಹೌನ್ಸ್‌ಲೋದಿಂದ

ಆ ಮೈಸೂರು ಫ್ಲ್ಯಾಟ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ನನ್ನ ಪ್ರಕಾರ ನಿಮ್ಮ ಪ್ರಶ್ನೆಯಲ್ಲಿ ದುಡ್ಡಿನ ಪೆಟ್ಟು ಇರುವುದೇ ಅಲ್ಲಿ.

ಇಲ್ಲಿ ಮೊದಲ ಮನೆ ಅನ್ನುವುದಕ್ಕೆ ಇಡೀ ಪ್ರಪಂಚದ ಲೆಕ್ಕ. ಎಲ್ಲಾದರೂ ಯಾವತ್ತಾದರೂ ಮನೆ ನಿಮ್ಮ ಹೆಸರಿಗೆ ಬಂದಿದ್ದರೆ, ಅಜ್ಜನ ಮನೆ ಪಾಲಿಗೆ ಬಂದಿದ್ದರೂ ಸರಿ, ಮೊದಲ ಸಲದವರಿಗಿರುವ ಸ್ಟ್ಯಾಂಪ್ ಡ್ಯೂಟಿ ರಿಯಾಯಿತಿ ಇಲ್ಲ. ಅದರ ಬೆಲೆ ಎಷ್ಟು ಕಮ್ಮಿ ಇದ್ದರೂ ಇಲ್ಲ. ಇಬ್ಬರೂ ಸೇರಿ ಕೊಂಡರೆ ಇಬ್ಬರೂ ಮೊದಲ ಸಲದವರಾಗಿರಬೇಕು.

ಎರಡನೇ ಪೆಟ್ಟು ಹೆಚ್ಚುವರಿ ಮನೆಯ ಸರ್‌ಚಾರ್ಜ್. 31 ಅಕ್ಟೋಬರ್ 2024ರಿಂದ ಅದು ಶೇ. 5. ನೀವು ಇಲ್ಲಿ ಕೊಂಡ ಮೇಲೆ ಇನ್ನೊಂದು ಮನೆಯಲ್ಲಿ 40,000 ಪೌಂಡ್ ಅಥವಾ ಜಾಸ್ತಿ ಬೆಲೆಯ ಹಕ್ಕು ಉಳಿದಿದ್ದರೆ ಬೀಳುತ್ತದೆ. ಅದು ಮೈಸೂರಿನಲ್ಲಿದ್ದರೂ ಅಷ್ಟೇ. ರೂಪಾಯಿಯಲ್ಲಿ ಸುಮಾರು 45-50 ಲಕ್ಷ ಅಂದುಕೊಳ್ಳಿ, ಈಗಿನ ಕಾಲದಲ್ಲಿ ಒಂದು ಫ್ಲ್ಯಾಟ್‌ಗೆ ಅದೇನು ದೊಡ್ಡ ಮೊತ್ತವಲ್ಲ. ಗಂಡ ಹೆಂಡತಿ ಒಟ್ಟಿಗೆ ಬಾಳುತ್ತಿದ್ದರೆ ಒಬ್ಬರ ಮನೆ ಇಬ್ಬರ ಲೆಕ್ಕಕ್ಕೂ ಬರುತ್ತದೆ. "ನನ್ನೊಬ್ಬಳ ಹೆಸರಿಗೇ ತಗೋತೀನಿ" ಅಂದರೂ ಇದರಿಂದ ತಪ್ಪಿಸಿಕೊಳ್ಳಲು ಆಗಲ್ಲ.

1 ಏಪ್ರಿಲ್ 2025ರಿಂದ ಇರುವ ದರದಲ್ಲಿ ನಿಮ್ಮ 4.5 ಲಕ್ಷಕ್ಕೆ ಲೆಕ್ಕ ಹೀಗೆ. ಮೊದಲ ಸಲದವರಾದರೆ 7,500 ಪೌಂಡ್. ರಿಯಾಯಿತಿ ಇಲ್ಲದಿದ್ದರೆ 12,500. ಸರ್‌ಚಾರ್ಜ್ ಸೇರಿದರೆ 35,000! ಮನೆ ನಿಮ್ಮದಾದ 14 ದಿನದೊಳಗೆ ಇದನ್ನು ಕಟ್ಟಬೇಕು. ಫ್ಲ್ಯಾಟ್‌ನ ಈಗಿನ ಮಾರುಕಟ್ಟೆ ಬೆಲೆಗೆ ಊರಿನಲ್ಲಿ ಒಂದು ವ್ಯಾಲ್ಯುಯೇಷನ್ ರಿಪೋರ್ಟ್ ಮಾಡಿಸಿ ಇಟ್ಟುಕೊಳ್ಳಿ. ಗಡಿಯ ಹತ್ತಿರ ಇದ್ದರೆ ಟ್ಯಾಕ್ಸ್ ಸಲಹೆಗಾರರಿಗೆ ಕೊಡುವ ಫೀಸು ದಂಡ ಅಲ್ಲ.

ಅಪ್ಪನ ಹೆಸರು ಮಾತ್ರ ಸೇರಿಸಬೇಡಿ. ಅವರಿಗೆ ಊರಲ್ಲಿ ಸ್ವಂತ ಮನೆ ಇದ್ದರೆ ಅವರ ಕಾರಣಕ್ಕೇ ಶೇ. 5 ಬೀಳಬಹುದು. ಅವರು ಈ ದೇಶದ ನಿವಾಸಿ ಅಲ್ಲದ್ದರಿಂದ 2021ರಿಂದ ಅನಿವಾಸಿಗಳಿಗೆ ಇರುವ ಶೇ. 2 ಹೆಚ್ಚುವರಿ ತೆರಿಗೆ ಬೇರೆ. ಎರಡೂ ಸೇರಿ ಒಟ್ಟು 44,000 ಆಗುತ್ತದೆ. ಪ್ರೀತಿಯಿಂದ ಹೆಸರು ಹಾಕಿಸಿದ್ದಕ್ಕೆ ಇಷ್ಟು!

ಮೇಲಿನವರಿಗೆ ಒಂದು ಮಾತು, ಕ್ರಾಯ್ಡನ್‌ನಿಂದ

ಸರಿಯಾಗಿ ಹೇಳಿದಿರಿ ಸರ್. ಒಂದು ಸೇರಿಸುತ್ತೇನೆ. ಖಾಲಿ ಸೈಟು ಇದ್ದರೆ ಅದು ಲೆಕ್ಕಕ್ಕಿಲ್ಲ, ಅದು ಮನೆ ಅಲ್ಲವಲ್ಲ. ಬಿಡಿಎ ಸೈಟ್ ಒಂದಿದೆ ಅಂತ ಸುಮ್ನೆ ಹೆದರಿದವರನ್ನು ನೋಡಿದ್ದೇನೆ. ಅದರಲ್ಲಿ ಕಟ್ಟಡ ಎದ್ದಿದ್ದರೆ ಕತೆ ಬೇರೆ.

ಲೆಸ್ಟರ್‌ನಿಂದ

ಅಪ್ಪನ ಹಣದ ಬಗ್ಗೆ. ಹಣದ ಮೂಲ ನೋಡುವುದು ಸಾಲಿಸಿಟರ್‌ಗೆ ಕಡ್ಡಾಯ, ಅಕ್ರಮ ಹಣ ತಡೆಯುವ ಕಾನೂನಿದೆ. ನಾವು ಮನೆ ಕೊಂಡಾಗ ನಮ್ಮ ಮಾವನವರು ಜಮೀನು ಮಾರಿ ಹಣ ಕೊಟ್ಟಿದ್ದರು. ಕ್ರಯಪತ್ರ, ಅದರ ಇಂಗ್ಲಿಷ್ ಅನುವಾದ, ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಪೋರ್ಟ್ ಎಲ್ಲ ಕೇಳಿದರು. ಅವರಿಗೆ ಅನುಮಾನದಿಂದ ನೋಡಿದ ಹಾಗೆ ಅನ್ನಿಸಿ ಮುಖ ಸಣ್ಣಗಾಯಿತು. ನಿಮ್ಮ ತಂದೆಯವರಿಗೆ ಮೊದಲೇ ಹೇಳಿಬಿಡಿ. "ಇದು ಉಡುಗೊರೆ, ಸಾಲ ಅಲ್ಲ, ಮನೆಯಲ್ಲಿ ನನಗೆ ಹಕ್ಕಿಲ್ಲ" ಅಂತ ಪತ್ರಕ್ಕೆ ಅವರು ಸಹಿ ಮಾಡಬೇಕಾಗುತ್ತದೆ.

ಭಾರತದ ಕಡೆಯಿಂದ ಅವರು ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಯೋಜನೆ) ಅಡಿ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ ಬ್ಯಾಂಕು ಟಿಸಿಎಸ್ ಅಂತ ಮೊದಲೇ ತೆರಿಗೆ ಹಿಡಿಯುತ್ತದೆ. ಅದನ್ನು ಅವರ ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಅಲ್ಲಿವರೆಗೆ ಆ ಹಣ ಕೈಯಲ್ಲಿರಲ್ಲ. ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ಮಿಲ್ಟನ್ ಕೀನ್ಸ್‌ನಿಂದ

ನಾನು ಮಾರುವವರ ಕಡೆಯಿಂದ ಹೇಳುತ್ತೇನೆ, ನಿಮಗೂ ಉಪಯೋಗ ಆಗುತ್ತದೆ. ಇಲ್ಲಿ ಮಾರುವವರು ಟಿಎ6 ಅಂತ ಒಂದು ಫಾರಂ ತುಂಬುತ್ತಾರೆ. ಅಕ್ಕಪಕ್ಕದವರ ಜಗಳ, ಪ್ರವಾಹ, ಕಟ್ಟಡದಲ್ಲಿ ಮಾಡಿದ ಬದಲಾವಣೆ ಎಲ್ಲ ಅದರಲ್ಲಿರುತ್ತದೆ. ಬೇಲಿ ಯಾರದು, ಜಪಾನೀಸ್ ನಾಟ್‌ವೀಡ್ ಕಳೆ ಇದೆಯಾ ಅಂತಲೂ ಕೇಳುತ್ತಾರೆ. ಅದನ್ನು ಪರೀಕ್ಷೆಯ ಪತ್ರಿಕೆ ಓದಿದ ಹಾಗೆ ಓದಿ. ಸುಳ್ಳು ಬರೆದರೆ ಆಮೇಲೆ ದಾವೆ ಹಾಕಬಹುದು. 2025ರಲ್ಲಿ ಲಂಡನ್ ಹೈಕೋರ್ಟ್ ನಾಟಿಂಗ್ ಹಿಲ್‌ನ 3.25 ಕೋಟಿ ಪೌಂಡಿನ ಬಂಗಲೆಯ ಮಾರಾಟವನ್ನೇ ರದ್ದು ಮಾಡಿತು. ಗೋಡೆಯೊಳಗೆ ಬಟ್ಟೆ ತಿನ್ನುವ ಹುಳು ತುಂಬಿದ್ದನ್ನು ಮಾರಿದವರು ಹೇಳಿರಲಿಲ್ಲ.

ಕಿಟಕಿ ಬದಲಾಯಿಸಿದ್ದರೆ ಫೆನ್ಸಾ ಸರ್ಟಿಫಿಕೇಟ್ (ಕಿಟಕಿಯನ್ನು ನಿಯಮದಂತೆ ಕೂರಿಸಿದ್ದಕ್ಕೆ ಪುರಾವೆ) ಕೇಳಿ. ಗೋಡೆ ಒಡೆದಿದ್ದರೆ, ಅಟ್ಟವನ್ನು ರೂಮ್ ಮಾಡಿದ್ದರೆ ಬಿಲ್ಡಿಂಗ್ ರೆಗ್ಯುಲೇಷನ್ಸ್ ಸರ್ಟಿಫಿಕೇಟ್ ಕೇಳಿ. ನಮ್ಮದಕ್ಕೆ ಹಿಂದಿನ ಮಾಲೀಕರು ಮಾಡಿಸಿದ ಕೆಲಸದ ಕಾಗದ ಇರಲಿಲ್ಲ, ಇಂಡೆಮ್ನಿಟಿ ಇನ್ಶೂರೆನ್ಸ್ (ಕಾಗದ ಇಲ್ಲದ್ದರಿಂದ ಮುಂದೆ ನಷ್ಟ ಬಂದರೆ ತುಂಬಿಕೊಡುವ ವಿಮೆ) ಮಾಡಿಸಿ ಮುಗಿಸಿದೆವು. ಇಲ್ಲೊಂದು ಸೂಕ್ಷ್ಮ ಇದೆ. ಕುತೂಹಲಕ್ಕೆ ಸ್ಥಳೀಯ ಕೌನ್ಸಿಲ್‌ಗೆ ಫೋನ್ ಮಾಡಿ ವಿಚಾರಿಸಿದರೆ ಆ ವಿಮೆ ಸಿಗದೇ ಹೋಗಬಹುದು. ಮೊದಲು ಸಾಲಿಸಿಟರ್ ಹತ್ತಿರ ಮಾತಾಡಿ. ನೆನಪಿಡಿ, ವಿಮೆ ಬಂತು ಅಂದರೆ ತೊಲೆ ಗಟ್ಟಿ ಇದೆ ಅಂತಲ್ಲ. ಅದನ್ನು ನೋಡಬೇಕಾದವರು ಸರ್ವೇಯರ್.

ಹ್ಯಾರೋದಿಂದ

ನಿಮ್ಮದು ಫ್ರೀಹೋಲ್ಡ್ (ಜಾಗವೂ ಸೇರಿ ಪೂರ್ತಿ ಸ್ವಂತ) ಇರಬೇಕು, ಆದರೂ ಟೈಟಲ್ ರಿಜಿಸ್ಟರ್ (ಮಾಲೀಕತ್ವದ ದಾಖಲೆ) ನೋಡಿ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ 7 ಪೌಂಡಿಗೆ ಪ್ರತಿ ಸಿಗುತ್ತದೆ. ಲೀಸ್‌ಹೋಲ್ಡ್ (ಇಷ್ಟು ವರ್ಷ ಅಂತ ಇರುವ ಗುತ್ತಿಗೆ) ಅಂತ ಬಂದರೆ ಎಷ್ಟು ವರ್ಷ ಉಳಿದಿದೆ ಅಂತಲೇ ಮೊದಲ ಪ್ರಶ್ನೆ. 80ಕ್ಕಿಂತ ಕೆಳಗೆ ಇಳಿದಿದ್ದರೆ ಲೀಸ್ ಹೆಚ್ಚಿಸಿಕೊಳ್ಳುವ ಖರ್ಚು ಏರುತ್ತದೆ, ಸಾಲವೂ ಕಷ್ಟ.

ಇಬ್ಬರ ಹೆಸರಿನಲ್ಲಿ ಹೇಗೆ ಬರೆಸುತ್ತೀರಿ ಅಂತಲೂ ಕೇಳುತ್ತಾರೆ. ಜಾಯಿಂಟ್ ಟೆನೆಂಟ್ಸ್ ಅಂದರೆ ಒಬ್ಬರ ಕಾಲಾನಂತರ ಪೂರ್ತಿ ಮನೆ ಇನ್ನೊಬ್ಬರಿಗೆ, ವಿಲ್‌ನಲ್ಲಿ ಏನೇ ಬರೆದಿದ್ದರೂ. ಟೆನೆಂಟ್ಸ್ ಇನ್ ಕಾಮನ್ ಅಂದರೆ ಇಬ್ಬರಿಗೂ ಬೇರೆ ಬೇರೆ ಪಾಲು. ನಿಮ್ಮ ತವರಿನ ಹಣ ಜಾಸ್ತಿ ಬರುತ್ತಿದ್ದರೆ ಎರಡನೆಯದನ್ನು ಆರಿಸಿ, ಪಾಲು ಎಷ್ಟೆಂದು ಡಿಕ್ಲರೇಷನ್ ಆಫ್ ಟ್ರಸ್ಟ್‌ನಲ್ಲಿ ಬರೆಸಬಹುದು. ಮನೆಯಲ್ಲಿ ಈ ಮಾತು ಎತ್ತಲು ಮುಜುಗರ ಆಗುತ್ತದೆ, ನಿಜ. ಆದರೂ ಎತ್ತಿ.

ಮತ್ತೆ ಸ್ಲೌನಿಂದ

ಒಂದು ಬಿಟ್ಟುಹೋಗಿತ್ತು. ಡಿಪಾಸಿಟ್ ಕಳಿಸುವ ಹೊತ್ತಿಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಸಾಲಿಸಿಟರ್ ಹೆಸರಿನಲ್ಲಿ ಇಮೇಲ್ ಬಂದರೆ ನಂಬಬೇಡಿ. ಮೊದಲ ದಿನ ಅವರು ಕೊಟ್ಟ ಕಾಗದದಲ್ಲಿರುವ ನಂಬರ್‌ಗೆ ನೀವೇ ಫೋನ್ ಮಾಡಿ, ಖಾತೆ ಸಂಖ್ಯೆ ಓದಿಸಿಕೊಂಡು ಆಮೇಲೆ ಹಣ ಹಾಕಿ.