ಗಂಡೂ ಇದೆ, ಹೆಣ್ಣೂ ಇದೆ, ಮೊಟ್ಟೆ ಮಾತ್ರ ಇಲ್ಲ

ಕೇಳಿದವರು, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಎರಡು ಅಡಿ ಟ್ಯಾಂಕಿನಲ್ಲಿ ಒಂದು ಜೋಡಿ ಕಾಕಟೂ ಅಪಿಸ್ಟೊ (ಬಣ್ಣದ ಪುಟ್ಟ ಮೀನು) ಇಟ್ಟು ಐದು ತಿಂಗಳಾಯಿತು. ಚೆನ್ನಾಗಿ ತಿನ್ನುತ್ತವೆ. ಗಂಡು ರೆಕ್ಕೆ ಬಿಚ್ಚಿ ಕುಣಿಯುತ್ತದೆ, ಹೆಣ್ಣು ತಿರುಗಿಯೂ ನೋಡುವುದಿಲ್ಲ. ನೀರು ಮನೆಯ ಬೋರಿನದು, ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಲೆಕ್ಕ) 780. ತಳಕ್ಕೆ ಬಣ್ಣದ ಕಲ್ಲು, ಮೂಲೆಯಲ್ಲೊಂದು ಪ್ಲಾಸ್ಟಿಕ್ ಕೋಟೆ. ಅಂಗಡಿಯಲ್ಲಿ ಏನೋ ಔಷಧಿ ಹಾಕಿ ಅಂದರು. ಹಾಕಲಾ? ಮರಿ ಮಾಡಿಸಿದವರು ಇದ್ದರೆ ಹೇಳಿ.

ಚಿತ್ರದುರ್ಗದಿಂದ:
ಔಷಧಿ ಬೇಡ ಅಣ್ಣಾ, ದುಡ್ಡು ಉಳಿಸಿ. ನಾನೂ ಒಂದು ವರ್ಷ ಇದೇ ಗೋಳು ಪಟ್ಟವನು.

ಮೊದಲು ನೀರು. ಕುಕ್ಕರಿನ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಆ ನೀರಿನಲ್ಲಿ ಈ ಮೀನು ಬದುಕುತ್ತದೆ, ಬಾಳುವುದಿಲ್ಲ. ಇವು ಪೆರು ದೇಶದ ಕಡೆ ಉದುರೆಲೆ ಮುಚ್ಚಿದ ಸಣ್ಣ ತೊರೆಗಳ ಮೀನು. ಅಪಿಸ್ಟೊಗಳಲ್ಲಿ ಕಾಕಟೂ ಗಟ್ಟಿ ಜೀವ, ಸ್ವಲ್ಪ ಗಡಸು ನೀರಿಗೆ ಒಗ್ಗುತ್ತದೆ. ಆದರೂ 780 ಜಾಸ್ತಿನೇ. ಎರಡು ಬಕೆಟ್ ಆರ್‌ಒ ನೀರಿಗೆ ಒಂದು ಬಕೆಟ್ ಬೋರ್ ನೀರು ಬೆರೆಸಿ, ವಾರಕ್ಕೊಮ್ಮೆ ಮೂರನೇ ಒಂದು ಪಾಲು ಬದಲಾಯಿಸಿ. ನನ್ನದು 300ರ ಹತ್ತಿರ ಬರಲು ಎರಡು ತಿಂಗಳು ಹಿಡಿಯಿತು. ಒಂದೇ ದಿನ ಇಳಿಸಲು ಹೋಗಬೇಡಿ, ನಾನು ಹೋಗಿ ಒಂದು ಗಂಡು ಕಳೆದುಕೊಂಡೆ. ಒಣಗಿ ಉದುರಿದ ಕಾಡು ಬಾದಾಮಿ ಎಲೆ ಎರಡು ಹಾಕಿ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ.

ಆಮೇಲೆ ಆ ಕೋಟೆ ತೆಗೆಯಿರಿ. ಕೋಟೆ ನಮ್ಮೂರಲ್ಲೇ ಇರಲಿ! ಆದರೆ ನಮ್ಮ ಕೋಟೆಯಿಂದ ಒಂದು ವಿಷಯ ಕಲಿಯಬೇಕು: ಓಬವ್ವನ ಕಿಂಡಿ. ಒಬ್ಬರೇ ನುಸುಳುವಷ್ಟು ಜಾಗ, ಒಳಗೆ ಒಬ್ಬಳೇ ಕಾವಲು. ಈ ಹೆಣ್ಣಿಗೆ ಬೇಕಿರುವುದೂ ಅದೇ. ನಿಮ್ಮ ಪ್ಲಾಸ್ಟಿಕ್ ಕೋಟೆಗೆ ನಾಲ್ಕು ಕಡೆ ಬಾಗಿಲು, ಅಲ್ವಾ? ಅರ್ಧ ತೆಂಗಿನ ಚಿಪ್ಪು ತೆಗೆದುಕೊಳ್ಳಿ, ಕಂದು ನೀರು ಬಿಡುವುದು ಕಡಿಮೆಯಾಗುವ ತನಕ ನೀರು ಬದಲಾಯಿಸಿ ಕುದಿಸಿ. ಅಂಚಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಅರದಿಂದ ಉಜ್ಜಿ ಬಾಯಿ ಮಾಡಿ ಬೋರಲು ಹಾಕಿ. ಹೆಣ್ಣು ಹೋಗಬೇಕು, ಗಂಡು ಕಷ್ಟಪಡಬೇಕು. ಬಣ್ಣದ ಕಲ್ಲಿನ ಬದಲು ಜರಡಿ ಹಿಡಿದು ತೊಳೆದ ಸಣ್ಣ ಮರಳು. ಬಾಯಿ ದೊಡ್ಡದಾಯಿತು ಅನಿಸಿದರೆ ಹೆಣ್ಣು ತಾನೇ ಮರಳು ತಂದು ಮುಚ್ಚಿಕೊಳ್ಳುತ್ತದೆ.

ಮೇವಿಗೆ ಎರಡು ವಾರ ಸೊಳ್ಳೆ ಮರಿ ಕೊಟ್ಟೆ. ಹಿತ್ತಲಲ್ಲಿ ಬಕೆಟ್ ಇಟ್ಟಿದ್ದಕ್ಕೆ ಅಮ್ಮ ಬೈದಿದ್ದು ಬೇರೆ ಕತೆ. ದಿನಾ ಸೋಸಿ ತೆಗೆಯಿರಿ, ಇಲ್ಲದಿದ್ದರೆ ಬೀದಿಯವರೂ ಬೈಯುತ್ತಾರೆ. ಜೂನ್‌ನಲ್ಲಿ ಒಳ್ಳೆ ಮಳೆ ಬಂದ ಸಂಜೆ ಟ್ಯಾಂಕಿಗಿಂತ ಎರಡು ಡಿಗ್ರಿ ತಣ್ಣಗಿನ ನೀರು ಹಾಕಿದೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಹೆಣ್ಣು ನಿಂಬೆಹಣ್ಣಿನ ಹಳದಿ, ಮೈ ಮೇಲೆ ಕಾಡಿಗೆಯಂಥ ಕಪ್ಪು ಗೆರೆ. ತನಗಿಂತ ಎರಡರಷ್ಟು ದೊಡ್ಡ ಗಂಡನ್ನು ಟ್ಯಾಂಕಿನ ಆ ತುದಿಗೆ ಅಟ್ಟಿತ್ತು. ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಚಿಪ್ಪಿನ ಸೂರಿಗೆ ಸಾಸಿವೆಗಿಂತ ಚಿಕ್ಕ ಮೊಟ್ಟೆಗಳು ಅಂಟಿದ್ದವು, ತಾಯಿ ತಲೆಕೆಳಗಾಗಿ ಗಾಳಿ ಬೀಸುತ್ತಿತ್ತು. ಮಾರನೇ ದಿನ ಒಂದೂ ಇಲ್ಲ. ಅದೇ ತಿಂದಿತ್ತು.

ದಾವಣಗೆರೆಯಿಂದ ಇನ್ನೊಬ್ಬರು:
ಆರ್‌ಒ ಎಲ್ಲ ಯಾಕೆ ಸರ್? ಕುಂದವಾಡ ಕೆರೆಯಿಂದ ನಲ್ಲಿ ನೀರು ಬರುವ ಮನೆಯಾದರೆ ಅದನ್ನೇ ಹಿಡಿದು, ಒಂದು ದಿನ ಬಕೆಟ್ಟಿನಲ್ಲಿ ಬಿಟ್ಟು ಬಳಸಿ. ಆದರೂ ಒಮ್ಮೆ ಟಿಡಿಎಸ್ ಮೀಟರ್ ಇಟ್ಟು ನೋಡಿ. ನಾನು ಸಾಕುವುದು ರ್ಯಾಮ್, ಇದೇ ಬಳಗದ ಇನ್ನೊಂದು ಪುಟ್ಟ ಮೀನು. ಅದಕ್ಕೆ ಚಿಪ್ಪು ಬೇಡ, ಚಪ್ಪಟೆ ಕಲ್ಲು ಸಾಕು, ಅಪ್ಪ ಅಮ್ಮ ಇಬ್ಬರೂ ಕಾಯುತ್ತವೆ. ನೀರು 28, 29 ಡಿಗ್ರಿ ಇರಬೇಕು. ಅಪಿಸ್ಟೊಗೆ 26 ಸಾಕು. ಬೇಸಿಗೆಯಲ್ಲಿ 30 ದಾಟಿದರೆ ಹುಟ್ಟುವ ಮರಿಗಳಲ್ಲಿ ಗಂಡೇ ಜಾಸ್ತಿ. ನನ್ನ ಜೋಡಿ ನಾಲ್ಕು ಸಲ ಮೊಟ್ಟೆ ತಿಂದವು, ಐದನೇ ಸಲ ಸಾಕಿದವು. ರಾತ್ರಿ ಒಂದು ಸಣ್ಣ ಝೀರೋ ಬಲ್ಬ್ ಉರಿಯಲಿ. ಕತ್ತಲಲ್ಲಿ ತಾಯಿ ಬೆದರಿದರೆ ಮೊಟ್ಟೆ ಹೋಯಿತು ಅಂತಲೇ ಲೆಕ್ಕ.

ಮತ್ತೊಬ್ಬರು:
ಅದು ಹೆಣ್ಣೇ ಹೌದಾ ನೋಡಿ ಮೊದಲು. ಸೋತ ಗಂಡು ಬಣ್ಣ ಅಡಗಿಸಿಕೊಂಡು ಹೆಣ್ಣಿನ ಹಾಗೇ ಕಾಣುತ್ತದೆ. ಹೊಟ್ಟೆಯ ಕೆಳಗಿನ ರೆಕ್ಕೆಯ ಮುಂದಿನ ಅಂಚು ಕಪ್ಪಿದ್ದರೆ ಹೆಣ್ಣು. ನಾನು ಎಂಟು ತಿಂಗಳು ಎರಡು ಗಂಡು ಸಾಕಿಕೊಂಡು ಸುಮ್ನೆ ಕಾಯುತ್ತಿದ್ದೆ.

ಕೇಳಿದವರು, ಎರಡೂವರೆ ತಿಂಗಳ ನಂತರ:
ಅಂಚು ಕಪ್ಪೇ ಇದೆ. ಟಿಡಿಎಸ್ 310. ಮೊದಲ ಸಲದ್ದು ತಿಂದು ಹಾಕಿತು. ಮೊನ್ನೆ ಮತ್ತೆ ಇಟ್ಟಿದೆ, ಗಾಜಿನ ಹತ್ತಿರ ಬೆರಳು ತಂದರೆ ನನ್ನ ಮೇಲೇ ಬರುತ್ತದೆ. ಮರಿಗಳ ಮೇವಿಗೆ ಆರ್ಟೀಮಿಯಾ (ಉಪ್ಪು ನೀರಿನ ಪುಟ್ಟ ಸಿಗಡಿ) ಮೊಟ್ಟೆ ಇವತ್ತೇ ಉಪ್ಪು ನೀರಿಗೆ ಹಾಕಲಾ?

ಚಿತ್ರದುರ್ಗದಿಂದ:
ಇವತ್ತು ಬೇಡ. ಮೀನಿನ ಮೊಟ್ಟೆ ಒಡೆಯಲು ಎರಡು ಮೂರು ದಿನ, ಮರಿ ಈಜಲು ಇನ್ನೂ ನಾಲ್ಕೈದು ದಿನ. ಅಲ್ಲಿಯ ತನಕ ಹೊಟ್ಟೆಯಲ್ಲಿನ ಭಂಡಾರವೇ ಊಟ. ಆರ್ಟೀಮಿಯಾ ಒಡೆಯಲು ಒಂದೂವರೆ ದಿನ ಸಾಕು. ಮೊಟ್ಟೆ ಇಟ್ಟ ಐದನೇ ದಿನ ರಾತ್ರಿ ಹಾಕಿ, ಲೀಟರಿಗೆ 25 ಗ್ರಾಂ ಕಲ್ಲುಪ್ಪು. ಟಾರ್ಚ್ ಹಿಡಿದು ಹತ್ತು ಸಲ ನೋಡಬೇಡಿ, ಅಷ್ಟು ತಡೆದುಕೊಳ್ಳಿ.