ಪ್ರಾಗ್‌ನ ಬೀದಿಲಿ ಮಧ್ಯಯುಗದ ವಾದ್ಯ ನುಡಿಸೋರ ಜೀವನ ಹೇಗಿರತ್ತೆ?

ಸ್ವರಯಾತ್ರಿ:
ಎಲ್ರಿಗೂ ನಮಸ್ಕಾರ. ಪ್ರಾಗ್‌ನ ಚಾರ್ಲ್ಸ್ ಸೇತುವೆ, ಹಳೇ ಪೇಟೆ ಕಡೆ ಗಿಟಾರ್ ಹಿಡಿದೋರು, ಜಾಜ್ ಬ್ಯಾಂಡಿನೋರು ಬೇಕಾದಷ್ಟು ಜನ ಇರ್ತಾರೆ. ಆದ್ರೆ ಅವರ ಮಧ್ಯೆ ಕೆಲವರು ಒರಟು ಲಿನನ್ ಅಂಗಿ ಹಾಕ್ಕೊಂಡು, ಚಕ್ರ ತಿರುಗಿಸಿ ನುಡಿಸೋ ಹರ್ಡಿ-ಗರ್ಡಿನೋ ಚರ್ಮದ ಚೀಲದ ಬ್ಯಾಗ್‌ಪೈಪೋ ಇಟ್ಕೊಂಡು ನಿಂತಿರ್ತಾರಲ್ಲ, ಅಂಥೋರ ವಿಡಿಯೋ ನೋಡ್ದಾಗಿಂದ ಬೇರೆ ಏನೂ ಕೇಳೋಕೆ ಮನಸ್ಸಾಗ್ತಿಲ್ಲ. ಇವರು ಹೊಟ್ಟೆಪಾಡಿಗೆ ಇದನ್ನೇ ನಂಬ್ಕೊಂಡಿರ್ತಾರಾ? ಪರ್ಮಿಶನ್ ಬೇಕಾ? ಚಳಿಗಾಲದಲ್ಲಿ ಏನ್ ಮಾಡ್ತಾರೆ? ಮತ್ತೆ ಅವರು ನುಡಿಸೋದು ನಿಜವಾಗ್ಲೂ ಅಷ್ಟು ಹಳೇ ಸಂಗೀತನಾ ಇಲ್ಲ ಟೂರಿಸ್ಟ್‌ಗಳಿಗೆ ಅಂತ ಮಾಡಿದ್ದಾ? ಅಲ್ಲಿದ್ದು ಹತ್ರದಿಂದ ನೋಡಿರೋರು ಯಾರಾದ್ರೂ ಇದ್ರೆ ದಯವಿಟ್ಟು ವಿವರವಾಗಿ ಬರೀರಿ.

ವ್ಲ್ತಾವಾತೀರ:
ನಾನು ಪ್ರಾಗ್‌ನಲ್ಲೇ ಇರೋದು, ಈ ಥರ ನುಡಿಸೋ ಇಬ್ಬರು ಮೂವರ ಜೊತೆ ಒಳ್ಳೇ ಪರಿಚಯ ಇದೆ, ಅವರಿಂದ ಕೇಳಿದ್ದು, ನಾನೇ ನೋಡಿದ್ದು ಎರಡೂ ಸೇರಿಸಿ ಹೇಳ್ತೀನಿ.

ಮೊದಲು ಪರ್ಮಿಶನ್ ವಿಷ್ಯ. ಚಾರ್ಲ್ಸ್ ಸೇತುವೆ ಮೇಲೆ ಸುಮ್ನೆ ಹೋಗಿ ನಿಂತು ನುಡಿಸೋ ಹಾಗಿಲ್ಲ, ಅಲ್ಲಿ ಚಿತ್ರ ಬರೆಯೋರಿಗೂ ನುಡಿಸೋರಿಗೂ ಪರ್ಮಿಟ್ ಇರ್ಬೇಕು. ಊರಿನ ಬೇರೆ ಜಾಗಗಳಿಗೆ ನಗರಸಭೆಯದ್ದೇ ಬೀದಿ ಕಲೆಯ ನಿಯಮ ಇದೆ, ಎಲ್ಲಿ ನುಡಿಸ್ಬಹುದು, ಎಷ್ಟೊತ್ತಿಗೆ ನಿಲ್ಲಿಸ್ಬೇಕು, ಎಲ್ಲಿ ಪೂರ್ತಿ ನಿಷೇಧ ಅನ್ನೋದೆಲ್ಲ ಅದ್ರಲ್ಲಿದೆ. ಮುಖ್ಯವಾಗಿ ಆಂಪ್ಲಿಫೈಯರ್ ಇಡೋ ಹಾಗಿಲ್ಲ. ಹೊರಗಿನೋರಿಗೆ ಇದು ಚಿಕ್ಕ ವಿಷ್ಯ ಅನ್ನಿಸ್ಬಹುದು, ಆದ್ರೆ ಇವರು ಯಾವ ವಾದ್ಯ ಹಿಡೀತಾರೆ ಅನ್ನೋದನ್ನೇ ಇದು ತೀರ್ಮಾನ ಮಾಡತ್ತೆ. ಲ್ಯೂಟ್ (ಬೆರಳಲ್ಲಿ ಮೀಟೋ ತಂತಿವಾದ್ಯ), ಸಾಲ್ಟರಿ (ಹಲಗೆ ಮೇಲೆ ತಂತಿ ಬಿಗಿದು ಮೀಟೋ ವಾದ್ಯ) ಇವೆಲ್ಲ ತುಂಬಾ ಮೆತ್ತಗಿನ ದನಿಯವು, ಕಲ್ಲು ಹಾಸಿನ ಮೇಲೆ ಸೂಟ್‌ಕೇಸ್ ಎಳ್ಕೊಂಡು ಹೋಗೋ ಗದ್ದಲದಲ್ಲಿ ಕಿವಿಗೇ ಬೀಳಲ್ಲ. ಹಾಗಾಗಿ ಬೀದಿ ಗದ್ದಲಕ್ಕೆ ಹೊಂದೋದು ಬ್ಯಾಗ್‌ಪೈಪು, ಹರ್ಡಿ-ಗರ್ಡಿ, ಶಾಮ್ (ನಮ್ಮ ಶಹನಾಯಿ ಜಾತಿಯದ್ದು), ದೊಡ್ಡ ಡೋಲು. ಮಧ್ಯಯುಗದ ಯುರೋಪಲ್ಲೂ ವಾದ್ಯಗಳನ್ನ ಜೋರು ದನಿಯವು, ಮೆತ್ತಗಿನ ದನಿಯವು ಅಂತ ಎರಡು ಪಂಗಡ ಮಾಡಿದ್ರು, ಬಯಲಿಗೆ ಒಂದು, ಒಳಕೋಣೆಗೆ ಒಂದು. ಆ ವಿಂಗಡಣೆ ಪ್ರಾಗ್‌ನ ಬೀದಿಲಿ ಇವತ್ತೂ ಹಾಗೇ ನಡೀತಿದೆ ಅನ್ನೋದು ನಂಗೆ ತುಂಬಾ ಇಷ್ಟವಾದ ವಿಷ್ಯ.

ದುಡ್ಡು ಅಂದ್ರೆ, ಟೋಪಿಗೆ ಬೀಳೋದರ ಮೇಲೆ ವರ್ಷ ಪೂರ್ತಿ ಬದುಕೋರು ಕಮ್ಮಿ. ಚೆಕ್ ಕೊರುನಾದಲ್ಲಿ 50ರವರೆಗೂ ನಾಣ್ಯನೇ, ನೋಟು 100ರಿಂದ ಶುರು, ಆದ್ರಿಂದ ಬೀಳೋದು ಹೆಚ್ಚಾಗಿ 10, 20ರ ನಾಣ್ಯ. ಈಗಂತೂ ಪ್ರವಾಸಿಗಳ ಜೇಬಲ್ಲಿ ಕ್ಯಾಶೇ ಇರಲ್ಲ, ಎಲ್ಲಾ ಕಾರ್ಡು. ಸ್ವತಂತ್ರ ಕಲಾವಿದ ಅಂತ ಇದೇ ಮುಖ್ಯ ಕೆಲಸ ಮಾಡ್ಕೊಂಡಿರೋರು ದುಡಿಮೆ ಕಮ್ಮಿ ಇದ್ರೂ ಪ್ರತಿ ತಿಂಗಳೂ ಆರೋಗ್ಯ ವಿಮೆ, ಸಾಮಾಜಿಕ ವಿಮೆಗೆ ಕನಿಷ್ಠ ಮೊತ್ತ ಕಟ್ಲೇಬೇಕು, ಮಳೆ ಬಂದು ವಾರಗಟ್ಲೆ ನುಡಿಸೋಕಾಗ್ಲಿಲ್ಲ ಅಂದ್ರೂ ಅದು ನಿಲ್ಲಲ್ಲ. ನಿಜವಾದ ಸಂಪಾದನೆ ಬರೋದು ಉತ್ಸವಗಳಿಂದ. ಜೂನ್‌ನಲ್ಲಿ ಚೆಸ್ಕಿ ಕ್ರುಮ್ಲೋವ್‌ನ ಐದೆಸಳಿನ ಗುಲಾಬಿ ಉತ್ಸವ, ಕುತ್ನಾ ಹೋರಾದ ಬೆಳ್ಳಿ ಉತ್ಸವ, ಸೆಪ್ಟೆಂಬರ್‌ನಲ್ಲಿ ತಾಬೋರ್‌ನ ಹುಸ್ಸೈಟ್ (15ನೇ ಶತಮಾನದ ಚೆಕ್ ಧಾರ್ಮಿಕ ಸುಧಾರಣಾ ಚಳವಳಿ) ಸಮಾವೇಶ, ಮಧ್ಯೆ ಕೋಟೆಗಳಲ್ಲಿ ಕತ್ತಿವರಸೆ ತಂಡದೋರ ಜೊತೆ ಕಾರ್ಯಕ್ರಮ, ಮದುವೆ, ಮಧ್ಯಯುಗದ ಥೀಮ್ ಇರೋ ಊಟದ ಮನೆಗಳು, ಡಿಸೆಂಬರ್ ಬಂದ್ರೆ ಕ್ರಿಸ್‌ಮಸ್ ಮಾರ್ಕೆಟ್. ಬೀದಿಲಿ ನಿಲ್ಲೋದು ಒಂಥರಾ ಜಾಹೀರಾತು, ಅಲ್ಲಿ ಕೇಳಿ ಇಷ್ಟಪಟ್ಟೋರೇ ಆಮೇಲೆ ಕಾರ್ಯಕ್ರಮಕ್ಕೆ ಕರೀತಾರೆ, ಸಿಡಿ ತಗೋತಾರೆ. ಜನವರಿ, ಫೆಬ್ರವರಿ ಎರಡು ತಿಂಗಳು ಮಾತ್ರ ಕಷ್ಟ, ಬೆರಳು ಮರಗಟ್ಟತ್ತೆ, ಬೆರಳಿಗಿಂತ ಮೊದಲು ವಾದ್ಯನೇ ಕೈ ಕೊಡತ್ತೆ.

ತಂತಿಪ್ರಿಯ:
ವಾದ್ಯದ ಬಗ್ಗೆ ನಾನು ಸೇರಿಸ್ತೀನಿ, ಯಾಕಂದ್ರೆ ಹರ್ಡಿ-ಗರ್ಡಿ ಇಟ್ಕೊಂಡೋನ ದಿನದಲ್ಲಿ ದೊಡ್ಡ ಪಾಲು ನುಡಿಸೋದಲ್ಲ, ಅದನ್ನ ನುಡಿಯೋ ಸ್ಥಿತಿಗೆ ತರೋದು. ಅದರೊಳಗೆ ಒಂದು ಮರದ ಚಕ್ರ ಇದೆ, ಬಿಲ್ಲಿನ ಕೆಲಸ ಅದೇ ಮಾಡೋದು. ಚಕ್ರದ ಅಂಚಿಗೆ ರಾಳ ಹಚ್ಚಬೇಕು, ತಂತಿ ಚಕ್ರಕ್ಕೆ ತಾಗೋ ಜಾಗದಲ್ಲಿ ಹತ್ತಿ ಸುತ್ತಬೇಕು. ಹತ್ತಿ ಸ್ವಲ್ಪ ಜಾಸ್ತಿ ಆದ್ರೆ ದನಿ ಮಂಕು, ಕಮ್ಮಿ ಆದ್ರೆ ಕರಕರ ಅಂತ ಅರಚತ್ತೆ. ನದಿ ಕಡೆಯಿಂದ ತೇವದ ಗಾಳಿ ಬೀಸಿದ್ರೆ ಮರ ಉಬ್ಬಿ ಚಕ್ರ ಒಂದೇ ಸಮ ತಿರುಗಲ್ಲ, ಕರುಳಿನ ತಂತಿ ಹಾಕಿದ್ರೆ ಶ್ರುತಿ ಏರುಪೇರಾಗ್ತಾನೇ ಇರತ್ತೆ. ರಾಗದ ತಂತಿ ಜೊತೆ ಒಂದೇ ಸ್ವರ ಹಿಡಿದಿರೋ ಡ್ರೋನ್ ತಂತಿಗಳೂ ಇರೋದ್ರಿಂದ ಒಂದು ಸರಿ ಮಾಡೋ ಹೊತ್ತಿಗೆ ಇನ್ನೊಂದು ಹೋಗಿರತ್ತೆ. ದಾರೀಲಿ ಹೋಗೋರು ನಿಂತು ಕೇಳೋದು ಎರಡು ಮೂರು ನಿಮಿಷ, ಆ ಎರಡು ನಿಮಿಷದಲ್ಲಿ ಶ್ರುತಿ ಸರಿ ಇರ್ಲಿಲ್ಲ ಅಂದ್ರೆ ಮುಂದೆ ನಡೆದೇ ಬಿಡ್ತಾರೆ.

ಇನ್ನೊಂದು, ಬೀದಿಲಿ ಹಾಡೋಕೂ ಆಗ್ಬೇಕು, ಹಾಡಿದ್ರೇನೇ ಜನ ನಿಲ್ಲೋದು. ಬಾಯಲ್ಲಿ ಊದೋ ಹಳೇ ಥರದ ಬ್ಯಾಗ್‌ಪೈಪಲ್ಲಿ ಅದು ಸಾಧ್ಯ ಇಲ್ಲ. ಬೊಹೀಮಿಯಾದ (ಈಗಿನ ಚೆಕ್ ದೇಶದ ಪಶ್ಚಿಮ ಭಾಗ, ಪ್ರಾಗ್ ಇರೋದು ಅಲ್ಲೇ) ದೂಡಿ ಅನ್ನೋ ಬ್ಯಾಗ್‌ಪೈಪಿಗೆ ಮೊಣಕೈ ಕೆಳಗೆ ತಿದಿ ಇರತ್ತೆ, ಗಾಳಿ ಅದ್ರಿಂದ ಬರತ್ತೆ, ಬಾಯಿ ಖಾಲಿ, ನುಡಿಸ್ತಾ ಹಾಡ್ಬಹುದು. ಮೇಲ್ಗಡೆ ಮರದಲ್ಲಿ ಕೆತ್ತಿದ ಆಡಿನ ತಲೆ ಇರೋದು ಅದೇ. ಆದ್ರೆ ತಿದಿ ಇರೋ ಬ್ಯಾಗ್‌ಪೈಪು ಮಧ್ಯಯುಗದ್ದಲ್ಲ, ಆಮೇಲೆ ಬಂದಿದ್ದು. ಇದನ್ನ ಮೋಸ ಅಂತ ನಾನು ಕರೆಯಲ್ಲ. ಸ್ಟ್ರಾಕೋನಿತ್ಸೆ, ಡೊಮಾಜ್ಲಿತ್ಸೆ ಕಡೆ ಹಳ್ಳಿಗಳಲ್ಲಿ ಉಳಿದು ಬಂದ ಜೀವಂತ ಪರಂಪರೆ ಅದು, ಅದಕ್ಕೆ ಅದರದ್ದೇ ಗೌರವ ಇದೆ.

ಸ್ವರಯಾತ್ರಿ:
ಅಬ್ಬಾ, ಇಷ್ಟು ವಿವರ ಸಿಗತ್ತೆ ಅಂದ್ಕೊಂಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಆದ್ರೆ ಹಾಡುಗಳು? ಅವೆಲ್ಲ ಎಲ್ಲಿಂದ ಸಿಗತ್ತೆ? ಬರೆದಿಟ್ಟಿದ್ದು ಇದೆಯಾ?

ಹಳೇಕಡತ:
ಇದೆ, ನಾವು ಅಂದ್ಕೊಳ್ಳೋದಕ್ಕಿಂತ ಜಾಸ್ತಿನೇ ಇದೆ. ಬೊಹೀಮಿಯಾದ ರಕ್ಷಕ ಸಂತ ವಾತ್ಸ್ಲಾವ್ ಮೇಲಿನ ಕೀರ್ತನೆ ಬೇರು 12ನೇ ಶತಮಾನದ್ದು. 14ನೇ ಶತಮಾನದ ಪ್ರೇಮಗೀತೆಗಳಿವೆ, 'ಜಾವಿಶ್‌ನ ಹಾಡು' ಅಂತ ಒಂದು ಕೇಳಿ ನೋಡಿ, ಅಷ್ಟು ಉದ್ದ ಉದ್ದದ ಎಳೆತ, ಅಷ್ಟು ವಿರಹ. ಹುಸ್ಸೈಟರ ಹಾಡುಗಳು ಯಿಸ್ಟೆಬ್ನಿತ್ಸೆಯ ಹಾಡಿನ ಹಸ್ತಪ್ರತಿಯಲ್ಲಿವೆ, ಅದು 1872ರಲ್ಲಿ ಆ ಊರಲ್ಲಿ ಸಿಕ್ಕಿದ್ದು. 14ನೇ ಶತಮಾನದಲ್ಲಿ ಪ್ರಾಗ್ ಏನು ಸಣ್ಣ ಜಾಗ ಅಲ್ಲ, ಬೊಹೀಮಿಯಾದ ರಾಜ ಯಾನ್ 1346ರಲ್ಲಿ ಕ್ರೆಸಿ ಯುದ್ಧದಲ್ಲಿ ಸತ್ತನಲ್ಲ, ಫ್ರಾನ್ಸಿನ ದೊಡ್ಡ ಸಂಗೀತಗಾರ ಗಿಯೋಮ್ ದ ಮಾಶೋ ಅವನ ಹತ್ರ ಕಾರ್ಯದರ್ಶಿಯಾಗಿದ್ದೋನು.

ಆದ್ರೆ ಬರೆದಿಟ್ಟಿರೋದು ಹೆಚ್ಚಾಗಿ ರಾಗ ಮಾತ್ರ. ಯಾವ ವಾದ್ಯ, ಎಷ್ಟು ವೇಗ, ಹಿಂದೆ ಡ್ರೋನ್ ಇತ್ತಾ, ಇದೆಲ್ಲ ಹಾಳೆ ಮೇಲೆ ಇಲ್ಲ. ಅಲ್ಲೇ ಈ ಬೀದಿ ವಾದಕನ ಸ್ವಂತ ಬುದ್ಧಿ ಕೆಲಸ ಮಾಡೋದು. ವಾದ್ಯಗಳ ಕಥೆನೂ ಅದೇ, ಆಗಿನ ಅಸಲಿ ವಾದ್ಯ ಉಳಿದಿರೋದು ತೀರಾ ಕಮ್ಮಿ, ಮಾಡೋರು ಚಿತ್ರ ನೋಡಿ ಮಾಡ್ತಾರೆ. ಪ್ರಾಗ್‌ನ ಸಂತ ಜಾರ್ಜ್ ಮಠದ ಅಬ್ಬೆಸ್ (ಸನ್ಯಾಸಿನಿಯರ ಮುಖ್ಯಸ್ಥೆ) ಕುನ್‌ಹುತಾಗೆ ಅಂತ 14ನೇ ಶತಮಾನದ ಶುರುವಲ್ಲಿ ಬರೆದ ಪುಸ್ತಕ, ವೆಲಿಸ್ಲಾವ್ ಬೈಬಲ್ ಅನ್ನೋ 14ನೇ ಶತಮಾನದ ಚಿತ್ರಗಳ ಹಸ್ತಪ್ರತಿ, ಕಾರ್ಲ್‌ಷ್ಟೈನ್ ಕೋಟೆಯ ಗೋಡೆಚಿತ್ರದ ದೇವದೂತರು, ಇವೇ ನಕ್ಷೆ. ರೆಕ್ಕೆ ಆಕಾರದ ಬೊಹೀಮಿಯಾದ ಸಾಲ್ಟರಿ ಮತ್ತೆ ಹುಟ್ಟಿದ್ದು ಇಂಥ ಚಿತ್ರಗಳಿಂದ್ಲೇ. ಹಾಗಾಗಿ "ಅಸಲಿನಾ, ಟೂರಿಸ್ಟ್‌ಗಾ" ಅನ್ನೋ ಪ್ರಶ್ನೆಗೆ ನನ್ನ ಉತ್ತರ, ಎಲುಬು ಹಳೇದು, ಮಾಂಸ ಇವತ್ತಿನೋರು ಕೊಟ್ಟಿದ್ದು, ಚೆನ್ನಾಗಿ ನುಡಿಸೋನು ಅದನ್ನ ಮುಚ್ಚಿಡದೆ ಹೇಳ್ತಾನೆ.

ಇನ್ನೊಂದು ಮುಖ್ಯ ವಿಷ್ಯ ಯಾರೂ ಎತ್ತಲಿಲ್ಲ. 1989ಕ್ಕೆ ಮುಂಚೆ, ಕಮ್ಯುನಿಸ್ಟ್ ಆಡಳಿತ ಇದ್ದಾಗ, ಚೆಕೊಸ್ಲೊವಾಕಿಯಾದಲ್ಲಿ ದುಡ್ಡಿಗೆ ನುಡಿಸ್ಬೇಕು ಅಂದ್ರೆ ಸಮಿತಿ ಮುಂದೆ ಪರೀಕ್ಷೆ ಕೊಟ್ಟು ಪಾಸಾಗ್ಬೇಕಿತ್ತು, ಕೆಲಸ ಇಲ್ಲದೆ ತಿರುಗೋದೇ ಅಪರಾಧ, ಗುರುತಿನ ಚೀಟಿಲಿ ಎಲ್ಲಿ ಕೆಲಸ ಅನ್ನೋದಕ್ಕೆ ಮುದ್ರೆ ಇರ್ಬೇಕಿತ್ತು. ಬೀದಿಲಿ ಟೋಪಿ ಇಟ್ಟು ನುಡಿಸೋದನ್ನೇ ಬದುಕು ಮಾಡ್ಕೊಳ್ಳೋದು ಆಗ ಹೇಗ್ ಸಾಧ್ಯ ಹೇಳಿ. ಈಗ 60 ದಾಟಿರೋ ವಾದಕರು ಆ ಕಾಲ ನೋಡಿದೋರು. ಅವರು ಚಳಿಲೂ ಹೋಗಿ ನಿಲ್ತಾರೆ ಅಂದ್ರೆ ಬರೀ ದುಡ್ಡಿಗಲ್ಲ, ಸಮಿತಿ ಮುಂದೆ ಪರೀಕ್ಷೆ ಕೊಡದೆ ತಮ್ಮಿಷ್ಟದ ಹಾಡನ್ನ ಬಯಲಲ್ಲಿ ನುಡಿಸೋ ಹಕ್ಕು ಅವರಿಗೆ ದೊಡ್ಡೋರಾದ ಮೇಲಷ್ಟೇ ಸಿಕ್ಕಿದ್ದು.

ವ್ಲ್ತಾವಾತೀರ:
@ಹಳೇಕಡತ ಕೊನೇ ಮಾತು ನೂರಕ್ಕೆ ನೂರು ಸತ್ಯ, ಇಲ್ಲಿ ಹಿರಿಯ ವಾದಕರ ಹತ್ರ ಮಾತಾಡಿದ್ರೆ ಹಳೇ ಪರೀಕ್ಷೆ ವಿಷ್ಯ ಬಂದೇ ಬರತ್ತೆ. ಅದಕ್ಕೇ ಈಗಿನ ನಗರಸಭೆ ನಿಯಮಗಳ ಮೇಲೂ ಅವರಿಗೆ ಅಷ್ಟು ಸಿಟ್ಟು, ಆದ್ರೆ ಅಪಾರ್ಟ್‌ಮೆಂಟ್ ಕಿಟಕಿ ಕೆಳಗೆ ದಿನವಿಡೀ ಬ್ಯಾಗ್‌ಪೈಪು ಕೇಳಿಸ್ಕೊಳ್ಳೋ ನಿವಾಸಿಗಳ ಕಷ್ಟನೂ ನಿಜ, ಒಂದೇ ಜಾಗದಲ್ಲಿ ಜಾಸ್ತಿ ಹೊತ್ತು ನಿಲ್ಲಬಾರ್ದು ಅನ್ನೋದು ನಂಗೆ ನ್ಯಾಯವಾಗೇ ಕಾಣತ್ತೆ.

@ಸ್ವರಯಾತ್ರಿ ನೀವು ಬರೋದಾದ್ರೆ ಬೇಸಿಗೇಲಿ ಬೆಳಿಗ್ಗೆ ಬೇಗ ಹೊರಡಿ, ಜನ ಸೇರೋಕೆ ಮುಂಚೆ ಶ್ರುತಿ ಮಾಡ್ಕೊಳ್ತಾ ಇರ್ತಾರೆ, ಆಗ ಕೇಳಿದ್ರೆ ವಾದ್ಯ ಬಿಚ್ಚಿ ತೋರಿಸ್ತಾರೆ ಕೂಡ. ಬ್ಯಾಗ್‌ಪೈಪೇ ಮುಖ್ಯ ಅಂದ್ರೆ ಸ್ಟ್ರಾಕೋನಿತ್ಸೆ ಕೋಟೇಲಿ 1967ರಿಂದ ಶುರುವಾದ ಅಂತರರಾಷ್ಟ್ರೀಯ ಉತ್ಸವ ಇದೆ, ಆಗಸ್ಟ್‌ನಲ್ಲಿ ನಡೆಯತ್ತೆ, ಪ್ರತಿ ವರ್ಷ ಇರಲ್ಲ, ದಿನಾಂಕ ನೋಡ್ಕೊಂಡೇ ಟಿಕೆಟ್ ಮಾಡಿ. ಜೇಬಲ್ಲಿ ಒಂದಿಷ್ಟು ನಾಣ್ಯ ಇಟ್ಕೊಂಡಿರಿ, ವಿಡಿಯೋ ಮಾಡೋದಾದ್ರೆ ಮೊದಲು ಟೋಪಿಗೆ ಹಾಕಿ, ಆಮೇಲೆ ಕ್ಯಾಮೆರಾ ತೆಗೀರಿ.